ಜೋಳದ ಚೀಲದ ಮೇಲೆ ಕೂತು

ನನ್ನ ಒಂದು ಹಾಸ್ಯಲೇಖನ ಪತ್ರಿಕೆಯಲ್ಲಿ ಅಚ್ಚಾಯಿತು. ಅನಾಹುತ ಶುರುವಾದದ್ದೇ ಅಲ್ಲಿಂದ.

ಲೇಖನದ ಕೆಳಗೆ ವಿಳಾಸ ಬರೆಯುವಾಗ ಬರೀ 'ಬಾಗೇವಾಡಿ' ಎಂದು ಗೀಚಿ ಕಳಿಸಿದ್ದೆ. ಹೆಸರು ಕಂಡರೆ ಸಾಕು, ಊರು ತಾನಾಗಿಯೇ ಗೊತ್ತಾಗುತ್ತದೆ ಎಂಬ ಠೇಂಕಾರ. ಬಾಗೇವಾಡಿಗಳಿಗೇನು ಬರವೇ? ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿ ಇದೆ, ಬೆಳಗಾವಿಯ ಹತ್ತಿರ ಹಿರೇ ಬಾಗೇವಾಡಿ ಇದೆ. ನಮ್ಮದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಒಬ್ಬರಿಗೆ ಬಸವಣ್ಣ ಸಿಕ್ಕ, ಒಬ್ಬರಿಗೆ ಹಿರಿತನ ಸಿಕ್ಕಿತು, ನಮಗೆ ಬೆಲ್ಲ. ಗೌರವ ಪ್ರತಿ ಎಲ್ಲೆಲ್ಲಿ ತಿರುಗಾಡಿತೋ, ಮೂಲೆ ಮುದುರಿಕೊಂಡು ನಲವತ್ತು ದಿನದ ಮೇಲೆ ಮನೆ ಮುಟ್ಟಿತು.

ಆ ರಾತ್ರಿ ಉಣ್ಣಲು ಕೂತಾಗ ಗಂಟಲು ಸರಿಮಾಡಿಕೊಂಡು ಹೇಳಿದೆ: "ನನಗ ಬರಿಯಾಕ ಒಂದು ಜಾಗಾ ಬೇಕು."

"ಇಷ್ಟ ದಿನಾ ಎಲ್ಲೆ ಬರದ್ರಿ?" ನನ್ನವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಇಷ್ಟ ದಿನಾ ನಾ ಮಾಸ್ತರ ಇದ್ದೆ. ಈಗ ಸಾಹಿತಿ."

ಮಗ ಮೊಬೈಲಿನಿಂದ ತಲೆ ಎತ್ತಿದ. ನಮ್ಮ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅದೇ ಹುರುಪಿನಲ್ಲಿ ಬೇಂದ್ರೆಯವರಿಗೆ ಧಾರವಾಡದ ಸಾಧನಕೇರಿ ಇತ್ತು, ಕುವೆಂಪು ಅವರಿಗೆ ಮೈಸೂರಿನಲ್ಲಿ 'ಉದಯರವಿ' ಇತ್ತು, ಕಾರಂತರಿಗೆ ಪುತ್ತೂರಿನ ಬಾಲವನ ಇತ್ತು ಎಂದು ಒದರಿದೆ. ಅಷ್ಟು ದೂರ ಯಾಕೆ, ನಮ್ಮ ಮಗ್ಗುಲ ಗೋಕಾಕ ತಾಲೂಕನ್ನೇ ನೋಡ್ರಿ, ಬೆಟಗೇರಿಯಲ್ಲಿ ಆನಂದಕಂದರು ಹುಟ್ಟಿದರು, ಮಲಾಮರಡಿಯಲ್ಲಿ ಬಸವರಾಜ ಕಟ್ಟೀಮನಿ ಹುಟ್ಟಿದರು ಎಂದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಮಾತಿಗೆ ತೂಕ ಬರಲೆಂದು, "ಕಟ್ಟೀಮನಿಯವರು 1942ರ ಚಳವಳಿಯೊಳಗ ಜೈಲಿಗೂ ಹೋಗಿದ್ರು" ಎಂದೂ ಸೇರಿಸಿದೆ.

"ಹಂಗಾರ ಚಿಂತಿ ಬಿಡ್ರಿ," ಎಂದಳು ನನ್ನವಳು. "ಹಿಂಡಲಗಿ ಜೈಲು ಇಲ್ಲಿಂದ ಏನ ದೂರಿಲ್ಲ. ಅಲ್ಲೆ ಯಾರೂ ನಡುವ ಕರಿಯೂದಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಹಲ್ಲಿಲ್ಲದ ನಮ್ಮ ಅವ್ವ.

ಮರುದಿನ ಕೈಯಲ್ಲೊಂದು ಪರೀಕ್ಷೆಯ ಪ್ಯಾಡು ಹಿಡಿದು ಜಾಗ ಹುಡುಕಲು ಹೊರಟೆ. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಇದ್ದೇನೆ. ಇದರ ಒಂದೊಂದು ಮೂಲೆಗೂ ಬೇರೆಬೇರೆಯವರ ಹೆಸರಿನಲ್ಲಿ ಉತಾರ ಆಗಿಹೋಗಿದೆ ಎಂದು ಅವತ್ತೇ ತಿಳಿದದ್ದು. ನಡುಮನೆಯ ಒಂದು ಮೂಲೆ ಜೋಳದ ಚೀಲಗಳದು, ಇನ್ನೊಂದು ದೇವರ ಜಗಲಿಯದು. ಮೂರನೆಯದರಲ್ಲಿ ಅವ್ವನ ಕೌದಿಗಳು ಜಂತಿ ಮುಟ್ಟುವಷ್ಟು ಏರಿ ಕೂತಿವೆ. ಅದರಲ್ಲಿ ಒಂದನ್ನು ಸರಿಸಿದರೆ, ಅದು ಯಾರ ಬಾಣಂತನಕ್ಕೆ ಯಾರ ಸೀರೆಯಿಂದ ಹೊಲಿದದ್ದು ಎಂಬ ಕಥೆ ಕೇಳದೆ ಬಿಡುಗಡೆ ಇಲ್ಲ. ನಾಲ್ಕನೆಯ ಮೂಲೆಯಲ್ಲಿ ಬಾಗಿಲು. ಮೆಟ್ಟಿಲ ಬುಡದಲ್ಲಿ ಹೊಲಕ್ಕೆ ಎಣ್ಣೆ ಹೊಡೆಯುವ ಪಂಪು, ಅದರ ಪಕ್ಕದಲ್ಲಿ ಕೂತರೆ ನನ್ನ ಹುಳುಕೆಲ್ಲ ಸತ್ತೀತು. ಅಟ್ಟ ಹತ್ತಿದೆ. ಅಲ್ಲಿ ಬೆಕ್ಕು ಮೂರು ಮರಿ ಹಾಕಿ ಮಲಗಿತ್ತು. ಅದು ನನ್ನನ್ನು ನೋಡಿದ ರೀತಿ ನೋಡಿದರೆ ಉತಾರದಲ್ಲಿ ಅದರ ಹೆಸರೂ ಏರಿತ್ತು. ನನ್ನ ಹೆಸರು ಕಬ್ಜೆಯ ಕಾಲಮಿನಲ್ಲೂ ಇರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ. ನೀವು ಮರ್ಯಾದೆಸ್ಥರು, ಹೊರಗೆ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಆಗ ನೆನಪಾದವನು ಕುಮಾರವ್ಯಾಸ. ಅವನು ಗದುಗಿನ ವೀರನಾರಾಯಣ ಗುಡಿಯಲ್ಲಿ ಒಂದು ಕಂಬಕ್ಕೆ ಆತು ಕೂತು ಭಾರತ ಬರೆದ ಎನ್ನುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂಡುತ್ತಿದ್ದನಂತೆ, ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿದ್ದವಂತೆ, ಆರಿದ ಮೇಲೆ ಅವತ್ತಿನ ಮಟ್ಟಿಗೆ ಮುಗಿಯಿತಂತೆ. ಈ ಕಥೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಮೇಜಿಲ್ಲ, ಕುರ್ಚಿಯಿಲ್ಲ, ಒಂದು ಕಂಬ ಮತ್ತು ಒಂದು ಒದ್ದೆ ಧೋತರ! ನಮ್ಮ ಪಡಸಾಲೆಯಲ್ಲಿ ಸಾಗವಾನಿಯ ಎರಡು ಕಂಬಗಳಿವೆ. ಕುಮಾರವ್ಯಾಸನಿಗಿಂತ ನನ್ನ ಹತ್ತಿರ ಒಂದು ಕಂಬ ಹೆಚ್ಚೇ ಎಂದು ಹಿಗ್ಗಿದೆ.

ಮುಂಜಾನೆ ಆರಕ್ಕೆ ತಣ್ಣೀರು ಸುರುವಿಕೊಂಡು, ಧೋತರ ಹಿಂಡದೆ ಬಂದು ಕಂಬಕ್ಕೆ ಆತು ಕೂತೆ. ಗದಗು ಬಿಸಿಲ ನಾಡು, ಅಲ್ಲಿ ಬಟ್ಟೆ ಬೇಗ ಆರುತ್ತದೆ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮಲ್ಲಿ ಆಷಾಢದ ಜಿಟಿಜಿಟಿ ಹಿಡಿದು ಎಂಟು ದಿನವಾಗಿತ್ತು. ಒಂಬತ್ತಾಯಿತು, ಹತ್ತಾಯಿತು, ಧೋತರ ಆರಲೇ ಇಲ್ಲ. ಕುಮಾರವ್ಯಾಸನಿಗೆ ಬಟ್ಟೆ ಆರಿ ಪದ್ಯ ನಿಲ್ಲುತ್ತಿದ್ದವು, ನನಗೆ ಪದ್ಯ ಶುರುವಾಗದೆ ಬಟ್ಟೆ ಒದ್ದೆಯಾಗಿಯೇ ಉಳಿಯಿತು. ಬಟ್ಟೆ ಆರುವ ಮೊದಲು ಏಳಬಾರದು ಎಂಬ ಹಟ ಬೇರೆ. ಅಷ್ಟರಲ್ಲಿ ಅವ್ವ ಮಜ್ಜಿಗೆ ಕಡೆಯಲು ಗಡಿಗೆ ತಂದಿಟ್ಟಳು. ಆ ಕಂಬ ಕಡಗೋಲಿನ ಹಗ್ಗಕ್ಕೆಂದೇ ಮೀಸಲು.

"ಸರಿ ತಮ್ಮಾ, ಹಗ್ಗಾ ಕಟ್ಟಬೇಕು."

"ಅವ್ವಾ, ಬರಿಯಾಕತ್ತೇನಿ."

"ಬರಿ ಬರಿ, ಯಾರ ಬ್ಯಾಡ ಅಂತಾರ?" ಎನ್ನುತ್ತ ಕಂಬದ ಜೊತೆ ನನ್ನನ್ನೂ ಸೇರಿಸಿಯೇ ಹಗ್ಗ ಕಟ್ಟಿದಳು. ಅರ್ಧ ತಾಸು ನಾನೂ ಕಂಬವೂ ಒಟ್ಟಿಗೆ ಮಿಸುಕಾಡಿದೆವು. ಕೊನೆಗೆ ಬಂದದ್ದು ಅಂಗೈಯಗಲದ ಬೆಣ್ಣೆ ಮತ್ತು ನನಗೆ ಹದಿನೈದು ದಿನದ ನೆಗಡಿ. ಪದ್ಯ ಒಂದೂ ಇಲ್ಲ.

ಕಷಾಯ ಕುಡಿಸಿದ ಪಾಪಕ್ಕೋ ಏನೋ, ನನ್ನವಳು ಕರಗಿದಳು. ಪಡಸಾಲೆಯ ಕಿಟಕಿಯ ಹತ್ತಿರ ಮೂರು ಫೂಟಿನ ಜಾಗ ಮಂಜೂರಾಯಿತು. ಬಡಿಗೇರನನ್ನು ಕರೆಸಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಅಂದರೆ ನನ್ನ ಕೈಯಲ್ಲಿ ಒಂಬತ್ತನೆಯ ಇಯತ್ತೆ ಎರಡು ಸಲ ನಪಾಸಾದವನು.

"ಸರ್, ಯಾವ ಕೆಲಸಕ್ಕ ಟೇಬಲ್?"

"ಸಾಹಿತ್ಯಕ್ಕ."

ಅವನು ಸ್ವಲ್ಪ ವಿಚಾರ ಮಾಡಿ, "ಅಂದ್ರ ಭಾರ ಏನೂ ಬೀಳೂದಿಲ್ಲ, ಹಗರ ಕಟಗಿ ನಡಿತೈತಿ" ಎಂದ. ಎರಡು ಸಲ ನಪಾಸು ಮಾಡಿದ್ದರ ಸೇಡು ಇಷ್ಟು ಮೆತ್ತಗೆ ತೀರಿಸಿಕೊಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮೇಜು ಬಂತು. ಆದರೆ ನಮ್ಮ ಪಡಸಾಲೆಯ ಫರಸಿ ತೊಳೆದ ನೀರು ಹೊರಗೆ ಹೋಗಲೆಂದು ಬಾಗಿಲ ಕಡೆ ಇಳಿಜಾರು. ಪೆನ್ನು ಇಟ್ಟರೆ ಬಾಗಿಲಿಗೆ ಹೊರಡುತ್ತಿತ್ತು, ಕಾಗದ ಅದರ ಬೆನ್ನು ಹತ್ತುತ್ತಿತ್ತು. ಕಾಲಿನ ಕೆಳಗೆ ಇಡಲು ಏನಾದರೂ ಕೊಡು ಎಂದೆ. ನನ್ನವಳು ಕಪಾಟಿನ ಬುಡದ ಗಂಟು ಬಿಚ್ಚಿ, ನಾನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನದ ಎರಡು ಪ್ರತಿ ತಂದಳು. ಗಂಟಿನಲ್ಲಿ ಇನ್ನೂ ನಾನೂರಿವೆ. ಒಂದು ಪ್ರತಿ ಸಾಲಲಿಲ್ಲ, ಕವಿತೆಗಳು ತೆಳುವು. ಎರಡು ಇಟ್ಟರೆ ಹೇಳಿ ಮಾಡಿಸಿದಂತೆ ಕೂತವು. ಬಡಿಗೇರ ಮೇಜನ್ನು ಅಲುಗಾಡಿಸಿ ನೋಡಿ, "ಸರ್, ಇದ ಪುಸ್ತಕಾ ಗಟ್ಟಿ ಐತಿ" ಎಂದ. ಆ ಸಂಕಲನಕ್ಕೆ ಬಂದ ಮೊದಲ ವಿಮರ್ಶೆ ಅದು. ಒಳ್ಳೆಯದೇ ಬಂತು.

ಇನ್ನು ದೀಪ. ಗೋಕಾಕ ಫಾಲ್ಸಿನ ನೀರಿನ ಬಲದಿಂದ 1887ರಲ್ಲೇ ನೂಲಿನ ಗಿರಣಿ ತಿರುಗಿಸಿದ ಸೀಮೆ ನಮ್ಮದು. ಹುಕ್ಕೇರಿಯ ಹಳ್ಳಿಗಳಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಸಹಕಾರಿ ಸಂಘ. ಆ ಸಹಕಾರ ನಮ್ಮ ಹೊಸ್ತಿಲ ತನಕ ಬಂದು ಅಲ್ಲೇ ನಿಂತಿದೆ. ಪಡಸಾಲೆಯಲ್ಲಿರುವ ಪ್ಲಗ್ಗು ಒಂದೇ. ಅದಕ್ಕೆ ಮಗನ ಮೊಬೈಲು, ಮಗಳ ಮೊಬೈಲು, ಸೊಳ್ಳೆಯ ಮಷಿನ್ನು ಮತ್ತು ನನ್ನ ಟೇಬಲ್ ಲ್ಯಾಂಪು. ನನ್ನ ಪಾಳಿ ರಾತ್ರಿ ಹನ್ನೊಂದರ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಅದೇ ಹೊತ್ತಿಗೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಕಿಟಕಿಯ ಮುಂದೆ ಹಾಯುತ್ತವೆ. ಒಂದು ಸಲ ನಾಯಕಿಯ ವಿರಹ ಬರೆಯುತ್ತಿದ್ದೆ. ಬೆಳಿಗ್ಗೆ ಓದಿ ನೋಡಿದರೆ ಆಕೆ ಎರಡನೇ ಪ್ಯಾರಾದಿಂದ ಕುಣಿಯತೊಡಗಿದ್ದಳು.

ಅಲ್ಲ, ಹಂಗಾಮಿಗಿಂತ ಮೊದಲು ಗಣಪತಿ ಬಂದ. ಅದನ್ನು ಹೇಳಬೇಕಿತ್ತು. ಚೌತಿಯ ಮುಂಜಾನೆ ನಾನು ಸಂತೆಯಿಂದ ಬಂದು ನೋಡಿದರೆ ಮೇಜಿನ ಮೇಲೆ ಕೆಂಪು ಬಟ್ಟೆ, ಸುತ್ತ ಬಾಳೆಕಂಬ, ನಡುವೆ ಗಣಪ್ಪ. ನನ್ನ ಕಾಗದಪತ್ರಗಳು ಹೂವಿನ ಬುಟ್ಟಿಯ ಕೆಳಗೆ.

"ಇದು ನನ್ನ ಬರಿಯೂ ಟೇಬಲ್!"

"ಬರಿಯಾಂವಗ ಕೊಟ್ಟೇನಲ್ರಿ," ಎಂದಳು ನನ್ನವಳು, ಅತ್ಯಂತ ಶಾಂತವಾಗಿ. "ವ್ಯಾಸರು ಹೇಳಿದ್ದು ಇಡೀ ಮಹಾಭಾರತ ಬರದಾನ, ನಡುವ ಚಹಾ ಸುದ್ದಾ ಕೇಳಿಲ್ಲ. ನೀವು ಒಂದ ಪಾನ ಬರಿಯೂದ್ರಾಗ ನಾಕ ಸಲ ಕೇಳ್ತೀರಿ."

ಐದು ದಿನ ನನ್ನ ಮೇಜಿನಲ್ಲಿ ನನಗಿಂತ ಹಿರಿಯ ಲೇಖಕ ಕೂತಿದ್ದ. ನಾನು ಕೆಳಗೆ ಕೂತು ದೂರ್ವೆ ಆರಿಸಿದೆ. ಕಳಿಸಿದ ಮೇಲಾದರೂ ಮೇಜು ತಿರುಗಿ ಬಂತೇ? ದೇವರನ್ನೇ ತಡೆದುಕೊಂಡ ಮೇಜು ಮಿಕ್ಕದ್ದನ್ನು ತಡೆದುಕೊಳ್ಳದೇ? ಸಂಡಿಗೆಯ ತಾಟು ಏರಿತು, ಇಸ್ತ್ರಿ ಆಗಬೇಕಾದ ಬಟ್ಟೆ ಏರಿದವು. ದೀಪಾವಳಿ ದಾಟಿದ ಮೇಲೆ ಅಳಿಯ ತನ್ನ ಹೊಲದ ಗಾಣದಿಂದ ಹೊಸ ಬೆಲ್ಲದ ಎರಡು ಪೆಂಟಿ ತಂದ. ಒಂದೊಂದೂ ಹತ್ತು ಕಿಲೋ. ನೆಲಕ್ಕಿಟ್ಟರೆ ಥಂಡಿ ಹಿಡಿದು ಬೆಲ್ಲ ನೀರೊಡೆಯುತ್ತದೆ, ಎತ್ತರದಲ್ಲಿಡಬೇಕು. ಎತ್ತರ ಎಂದರೆ ಯಾವುದು, ನಿಮಗೆ ತಿಳಿದೇ ಇದೆ. ಬೆಲ್ಲದ ಬಾಗೇವಾಡಿಯಲ್ಲಿದ್ದು ಬೆಲ್ಲಕ್ಕೆ ಜಾಗ ಇಲ್ಲ ಎನ್ನಲಾದೀತೇ? ಊರಿನ ಹೆಸರಿನಲ್ಲೇ ಅದರ ವಿಳಾಸ ಇದೆ. ನನ್ನದೇ ಕಾಣಿಸುವುದಿಲ್ಲ.

ಬೆಲ್ಲ ಬಂದ ಮೂರನೆಯ ದಿನ ಇರುವೆ ಬಂದವು. ಎರಡು ಪೆಂಟಿಗಳ ನಡುವೆ ಸಿಕ್ಕ ಓಣಿಯಂಥ ಜಾಗದಲ್ಲಿ ಒಂದು ಬಿಳಿ ಹಾಳೆ ಹರವಿಕೊಂಡು ಶೀರ್ಷಿಕೆ ಯೋಚಿಸುತ್ತ ಕೂತಿದ್ದೆ. ಕಣ್ಣು ಹತ್ತಿತು. ಎಚ್ಚರವಾದಾಗ ಪಕ್ಕದಲ್ಲಿ ಅವ್ವ ನಿಂತಿದ್ದಳು. ಅವಳಿಗೆ ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿತ್ತು, ಹೊಸ ಕನ್ನಡಕ ಬರುವುದಿತ್ತು. ನನ್ನ ಹಾಳೆಯನ್ನೇ ನೋಡುತ್ತಿದ್ದಳು. ಮುಖದಲ್ಲಿ ಎಂದೂ ಕಾಣದ ಹೆಮ್ಮೆ.

"ಎಷ್ಟ ಬರದೀಯೋ ತಮ್ಮಾ ಇವತ್ತ! ಸಾಲ ಎಷ್ಟ ನೆಟ್ಟಗ ಬಂದಾವು!"

ಹಾಳೆಯ ತುಂಬ ಕರಿ ಇರುವೆಗಳು, ಸಾಲು ಹಿಡಿದು. ನಾನು ಏನೂ ಹೇಳಲಿಲ್ಲ. ಎಂಬತ್ತು ದಾಟಿದ ತಾಯಿಗೆ ಮಗನ ಬರವಣಿಗೆ ಮೆಚ್ಚುವ ಯೋಗ ಮತ್ತೆ ಬರುತ್ತದೋ ಇಲ್ಲವೋ. ಅವಳು ನೋಡುತ್ತಿದ್ದಂತೆಯೇ ಎರಡನೇ ಸಾಲು ಎದ್ದು ಬೆಲ್ಲದ ಕಡೆ ನಡೆಯಿತು. "ತಿದ್ದಾಕತ್ತೇನಿ ಅವ್ವಾ" ಎಂದೆ.

ಕೊನೆಯ ಅಸ್ತ್ರ ಕೊಟ್ಟವಳು ಬಿ.ಎ. ಓದುವ ಮಗಳು. ಇಂಗ್ಲಿಷಿನ ಪಾಠದಲ್ಲಿ ವರ್ಜೀನಿಯಾ ವುಲ್ಫ್ ಎಂಬ ಲೇಖಕಿಯ ಪುಸ್ತಕದ ವಿಷಯ ಬಂತಂತೆ. ಬರೆಯಬೇಕಾದರೆ ವರ್ಷಕ್ಕೆ ಐದು ನೂರು ಪೌಂಡು ಮತ್ತು ಬಾಗಿಲಿಗೆ ಚಿಲಕ ಇರುವ ಒಂದು ಸ್ವಂತ ಕೋಣೆ ಬೇಕು ಎಂದು ಆಕೆ 1929ರಲ್ಲೇ ಬರೆದಿದ್ದಾಳಂತೆ. ನನಗೆ ಕಣ್ಣಲ್ಲಿ ನೀರೇ ಬಂತು. ಲಂಡನ್ನಿನಲ್ಲಿ ಕೂತ ಒಬ್ಬಳಿಗೆ ನನ್ನ ಪಡಸಾಲೆಯ ಕಷ್ಟ ತಿಳಿದದ್ದಾದರೂ ಹೇಗೆ! ಕೂಡಲೇ ಅಡಿಗೆಮನೆಗೆ ಹೋಗಿ ಗಟ್ಟಿ ದನಿಯಲ್ಲಿ ಹೇಳಿದೆ. ಪೌಂಡಿನ ಮಾತು ಬಿಟ್ಟೆ, ಕೋಣೆ ಮತ್ತು ಚಿಲಕ ಅಷ್ಟೇ ಹೇಳಿದೆ.

"ಅಪ್ಪಾ, ಪೂರಾ ಹೇಳ್ರಿ," ಎಂದು ಮಗಳು ಹಿಂದೆಯೇ ಬಂದಳು. "ಆಕಿ ಹೇಳಿದ್ದು ಬರಿಯೂ ಹೆಣ್ಣಮಕ್ಕಳಿಗೆ. ಗಂಡಸರಿಗಲ್ಲ."

ಒಲೆಯ ಮುಂದಿನ ಸದ್ದು ನಿಂತಿತು. ನನ್ನವಳು ಕೈ ಒರೆಸಿಕೊಂಡು ಹೊರಗೆ ಬಂದು ಮೇಜನ್ನು ಒಂದು ಸಲ ಸುತ್ತು ಹಾಕಿ ನೋಡಿದಳು. ಆಕೆ ಓಣಿಯ ಸ್ವಸಹಾಯ ಸಂಘದ ಕಾರ್ಯದರ್ಶಿ. ಇಪ್ಪತ್ತು ಹೆಂಗಸರ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಆರು ವರ್ಷದಿಂದ ಅಡಿಗೆಮನೆಯ ನೆಲದಲ್ಲಿ ಕೂತು ಬರೆಯುತ್ತ ಬಂದವಳು. ಅಷ್ಟು ವರ್ಷ ಅದೂ ಬರವಣಿಗೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ಹೇಳುವಷ್ಟು ಮೂರ್ಖ ನಾನಲ್ಲ. ಸಂಜೆಯ ಹೊತ್ತಿಗೆ ಪೆಂಟಿಗಳು ಅಟ್ಟಕ್ಕೆ ಹೋದವು. ನಾನು ಕೇಳಿದಾಗ ಎಂದೂ ಹೋಗದವು! ಮೇಜಿನ ಮೇಲೆ ಸಂಘದ ಪುಸ್ತಕಗಳು ಓರಣವಾಗಿ ಕೂತವು. ಲ್ಯಾಂಪಿನ ಪಾಳಿ ಏಳರಿಂದ ಒಂಬತ್ತಕ್ಕೆ ಬದಲಾಯಿತು, ಯಾವ ಮೊಬೈಲೂ ತಕರಾರು ಮಾಡಲಿಲ್ಲ. ಇರುವೆಗಳು ಸಹ ಆ ಪುಸ್ತಕಗಳ ತಂಟೆಗೆ ಬರುವುದಿಲ್ಲ. ಲೆಕ್ಕ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ, ನಾನೇ ಕದ್ದು ನೋಡಿದ್ದೇನೆ.

ನಾನು ಈಗ ನಡುಮನೆಯ ಜೋಳದ ಚೀಲದ ಮೇಲೆ ಕೂತು ಬರೆಯುತ್ತೇನೆ. ಮೊದಮೊದಲು ಸಿಂಹಾಸನದ ಹಾಗೆ ಎತ್ತರವಾಗಿತ್ತು, ಕಾಲು ನೆಲ ಮುಟ್ಟುತ್ತಿರಲಿಲ್ಲ. ಆದರೆ ಈ ಮನೆಯವರು ರೊಟ್ಟಿ ತಿನ್ನುವವರು. ನನ್ನ ಆಸನ ವಾರಕ್ಕೆ ನಾಲ್ಕು ಸೇರು ಕುಸಿಯುತ್ತದೆ. ಈ ಲೇಖನ ಶುರುಮಾಡಿದಾಗ ಕಿಟಕಿಯಿಂದ ಬೇವಿನ ಮರದ ತುದಿ ಕಾಣುತ್ತಿತ್ತು. ಈಗ ಗೋಡೆ ಮಾತ್ರ ಕಾಣುತ್ತಿದೆ. ಇನ್ನೊಂದು ಪುಟ ಬರೆಯುವುದಿತ್ತು, ಅದರಲ್ಲಿ ನಾನು ಗೆಲ್ಲುವ ಒಂದು ಪ್ರಸಂಗವೂ ಇತ್ತು.

"ಏಳ್ರಿ, ಹಿಟ್ಟ ತೀರೈತಿ. ಗಿರಣಿ ಮುಚ್ಚೂದ್ರಾಗ ಜ್ವಾಳಾ ಬೀಸಿಕೊಂಡ ಬರ್ರಿ."

ಎದ್ದಿದ್ದೇನೆ. ಡಬ್ಬಿ ಎಲ್ಲಿ ಎಂದು ಕೇಳಿದೆ. ಟೇಬಲ್ಲಿನ ಕೆಳಗೆ ಐತಿ, ಸಂಭಾಳಿಸಿ ತಗೋರಿ, ಪುಸ್ತಕ ಜರಗಿದ್ರ ನನ್ನ ಲೆಕ್ಕ ವಾಲತೈತಿ ಎನ್ನುತ್ತಿದ್ದಾಳೆ.