ರಾಯರ ಲಾರಿ ಲೆಕ್ಕ

"ನೋಡಮ್ಮಾ, ಇನ್ನೊಂದು ಲಾರಿ ಬರೆದೆ. ಟೋಟಲ್ ಅಲ್ಲಾಡೋದೇ ಇಲ್ಲ!"

ತುಳಸಿಗೆ ನೀರು ಹಾಕುತ್ತಿದ್ದೆ, ಗೋಡೆಯಾಚೆಯಿಂದ ರಾಯರ ದನಿ. ಚೆನ್ನೈನ ಮಾಂಬಲಂನಲ್ಲಿ ಬೇಸಿಗೆ ಬಂತೆಂದರೆ ಮಾತು ಶುರುವಾಗುವುದೇ ತಣ್ಣಿ ಲಾರಿಯಿಂದ, ಅಂದರೆ ನೀರಿನ ಲಾರಿಯಿಂದ. 2019ರಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಬತ್ತಿದಾಗಿನಿಂದ ತಮ್ಮ ಹದಿನಾರು ಮನೆಗಳ ಲಾರಿ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವರು ಅವರೇ. ಲಾರಿಗೆ 2,800 ರೂಪಾಯಿ. ಹದಿಮೂರು ಲಾರಿಗೆ ತಲಾ ಮನೆಗೆ 2,275. ಹದಿನಾಲ್ಕನೆಯದು ಬರೆದ ಮೇಲೂ ಅಲ್ಲಿ ಅದೇ 2,275.

ಲ್ಯಾಪ್‌ಟಾಪ್ ಗೋಡೆ ಮೇಲೆ ಬಂತು. ಮೊದಲು ಅಂಕಿ ನೋಡಿದೆ. ವಾಟ್ಸಾಪ್‌ನಿಂದ ಅಂಟಿಸಿದ ಅಂಕಿ ಕೆಲವೊಮ್ಮೆ ಅಕ್ಷರವಾಗಿ ಕೂತುಬಿಡುತ್ತದೆ, ಅದನ್ನು ಸಮ್ ಕೂಡಿಸುವುದಿಲ್ಲ. ಇಲ್ಲಿ ಹಾಗಾಗಿರಲಿಲ್ಲ. ಕೆಳಗೆ ಎಡತುದಿಯಲ್ಲಿ ಕಣ್ಣಿಟ್ಟೆ: ಸಣ್ಣಗೆ 'ಕ್ಯಾಲ್ಕುಲೇಟ್' ಎಂದಿತ್ತು. ಲೆಕ್ಕ ಬಾಕಿ ಇದೆ ಎಂದು ಅರ್ಥ.

"ಬೆಳಿಗ್ಗೆ ಬೇರೆ ಯಾವುದಾದ್ರೂ ಫೈಲ್ ತೆಗೆದ್ರಾ ರಾಯರೇ?"

"ಅಳಿಯಂದ್ರು ಕಳಿಸಿದ್ದು ಒಂದಿತ್ತಮ್ಮ. ಆಫೀಸಿಂದು, ಭಾರೀ ದೊಡ್ಡದು."

ಅಲ್ಲೇ ಗಂಟು. ದೊಡ್ಡ ಫೈಲುಗಳಲ್ಲಿ ಒಂದೊಂದು ಅಂಕಿ ಬರೆದಾಗಲೂ ಕಾಯಬೇಕಾಗುತ್ತದೆಂದು ಲೆಕ್ಕವನ್ನು 'ಮ್ಯಾನುವಲ್' ಮಾಡಿಟ್ಟಿರುತ್ತಾರೆ. ಎಕ್ಸೆಲ್ ಮೊದಲು ತೆರೆದ ಫೈಲಿನ ಕ್ರಮವನ್ನೇ ಆಮೇಲೆ ತೆರೆದವಕ್ಕೂ ಹಚ್ಚುತ್ತದೆ. ಆ ಹೊತ್ತಿನಲ್ಲಿ ಸೇವ್ ಮಾಡಿದರೆ ನಮ್ಮ ಫೈಲಿಗೂ ಅದೇ ಅಂಟಿಕೊಳ್ಳುತ್ತದೆ. ಸೇವ್ ಮಾಡುವಾಗ ಮಾತ್ರ ಸಾಮಾನ್ಯವಾಗಿ ಅದು ಒಮ್ಮೆ ಲೆಕ್ಕ ಹಾಕುವುದರಿಂದ, ಮತ್ತೆ ತೆರೆದಾಗ ಮೊತ್ತ ಸರಿಯಾಗಿ ಕಾಣುತ್ತದೆ. ಹೀಗಾಗಿ ದೋಷ ಬೇಗ ಕೈಗೆ ಸಿಗುವುದಿಲ್ಲ. ರಾಯರು ತಮ್ಮ ಕೂಡಿಕೆಯನ್ನೇ ಅನುಮಾನಿಸಿ ಹಾಳೆಯಲ್ಲಿ ಎರಡು ಸಲ ಬರೆದು ನೋಡಿದ್ದರು. ಮೂವತ್ತು ವರ್ಷ ಲೆಜರ್ ಬರೆದ ಕೈ ಅದು, ನನಗೆ ತುಂಬಾ ಬೇಜಾರಾಯಿತು.

1979ರಲ್ಲಿ ಬ್ರಿಕ್ಲಿನ್, ಫ್ರಾಂಕ್‌ಸ್ಟನ್ ಇಬ್ಬರೂ ವಿಸಿಕ್ಯಾಲ್ಕ್ ಎಂಬ, ಎಕ್ಸೆಲ್‌ನಂಥದ್ದೇ ಲೆಕ್ಕದ ತಂತ್ರಾಂಶ ತಂದಾಗ ಜನ ಬೆರಗಾದದ್ದೇ, ಒಂದು ಅಂಕಿ ತಿದ್ದಿದರೆ ಉಳಿದದ್ದೆಲ್ಲ ತಾನೇ ತಿದ್ದಿಕೊಳ್ಳುತ್ತದಲ್ಲ, ಅದಕ್ಕೆ. ಆ ಗುಣವೇ ಹೋದರೆ ಅದು ಬರೀ ಗೆರೆ ಹಾಕಿದ ಕಾಗದ.

"ಎಫ್9 ಒತ್ತಿ."

ಪರದೆಯ ಬೆಳಕು ಏರಿತು, ಅಷ್ಟೇ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿ ಹಿಡಿದೇ ಒತ್ತಬೇಕು. ಹಿಡಿದು ಒತ್ತಿದರು. 2,275 ಇದ್ದ ಜಾಗದಲ್ಲಿ 2,450 ಬಂತು. ಫಾರ್ಮುಲಾಸ್ ಟ್ಯಾಬಿಗೆ ಹೋಗಿ, ಕ್ಯಾಲ್ಕುಲೇಶನ್ ಆಪ್ಷನ್ಸ್‌ನಲ್ಲಿ 'ಆಟೋಮ್ಯಾಟಿಕ್' ಮಾಡಿಸಿ, ಸೇವ್ ಮಾಡಿಸಿದೆ.

"ಅಯ್ಯೋ, ಹೋದ ತಿಂಗಳದ್ದು?" ಎಂದರು ರಾಯರು. ಆ ಫೈಲನ್ನೂ ತೆಗೆದು ಒತ್ತಿ ನೋಡಿದೆವು. ಅದು ಸರಿಯಾಗೇ ಇತ್ತು.

ನೀವೂ ಮನೆಮನೆಗೆ ಬಿಲ್ಲು ಕಳಿಸುವವರಾದರೆ, ಕಳಿಸುವ ಮುಂಚೆ ಆ ಎಡತುದಿ ಒಮ್ಮೆ ನೋಡಿಬಿಡಿ.