ಪತಿಮಾರ್ಗಭ್ರಂಶ ಮೀಮಾಂಸೆ, ಅರ್ಥಾತ್ ಯವನದ್ವೀಪಗಳಲ್ಲಿ ದಾರಿ ಕೇಳದ ಗಂಡಂದಿರು

ಸೂತ್ರಂ: ಕೇಳಂ ಪತಿ, ಕೇಳ್ವಳ್ ಸತಿ, ನಡುವೆ ಬಿಸಿಲ್.

ವೃತ್ತಿ: ಇಲ್ಲಿ ‘ಕೇಳ್’ ಧಾತುವಿಗೆ ಎರಡರ್ಥ. ಒಂದು ಪ್ರಶ್ನಿಸುವುದು, ಇನ್ನೊಂದು ಕಿವಿಗೊಡುವುದು. ಗಂಡನಾದವನು ಎರಡೂ ಅರ್ಥದಲ್ಲಿ ಕೇಳುವುದಿಲ್ಲ. ಎದುರಿಗೆ ಬಂದವರನ್ನು ದಾರಿ ಕೇಳುವುದಿಲ್ಲ. ‘ಯಾರನ್ನಾದ್ರೂ ಕೇಳ್ರೀ’ ಎಂದ ಹೆಂಡತಿಯ ಮಾತನ್ನೂ ಕೇಳುವುದಿಲ್ಲ. ‘ಬಿಸಿಲ್’ ಎಂಬುದು ಇಡೀ ಸೂತ್ರಕ್ಕೆ ಅಧಿಕರಣ. ಏಜಿಯನ್ ಸಮುದ್ರದ ಹಾಳೂರುಗಳಲ್ಲಿ ಕಂಬಗಳುಂಟು, ಚಾವಣಿಯಿಲ್ಲ. ಆದ್ದರಿಂದ ಅಪವಾದವೂ ಇಲ್ಲ.

ಈ ಶಾಸ್ತ್ರಕ್ಕೆ ಅಧಿಕಾರಿ ಪ್ರಸ್ತುತ ಲೇಖಕ. ತುಮಕೂರಿನಲ್ಲಿ ಮೂವತ್ತೊಂದು ವರ್ಷ ಹುಡುಗರಿಗೆ ಕೇಶಿರಾಜನನ್ನು ಪಾಠ ಹೇಳಿ ನಿವೃತ್ತನಾದ ನನ್ನನ್ನೂ, ಸಹಕಾರಿ ಬ್ಯಾಂಕೊಂದರಲ್ಲಿ ಅಷ್ಟೇ ವರ್ಷ ಲೆಕ್ಕ ಬರೆದು ನಿವೃತ್ತಳಾದ ನನ್ನ ಹೆಂಡತಿಯನ್ನೂ ಮಗ ಹದಿನೆಂಟು ದಿನದ ಮಟ್ಟಿಗೆ ಗ್ರೀಸಿಗೆ ಕಳಿಸಿದ. ಕ್ಷೇತ್ರಕಾರ್ಯಕ್ಕೆ ಒಳಪಟ್ಟ ದಂಪತಿಗಳ ಸಂಖ್ಯೆ 1. ಮಾದರಿ ಚಿಕ್ಕದಾಯಿತು ಎನ್ನುವವರು ತಂತಮ್ಮ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು.

ಕನ್ನಡಿಗನಿಗೆ ಗ್ರೀಕರ ಗೊಡವೆ ಏಕೆಂಬ ಪೂರ್ವಪಕ್ಷಕ್ಕೆ ಉತ್ತರ ಹಳೆಯದೇ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಯಲ್ಲಿ ಸಿಕ್ಕ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕಾರಿಟಿಯನ್ ಎಂಬಾಕೆಯನ್ನು ಅವಳ ಸೋದರ ಬಂದು, ಅಲ್ಲಿನ ರಾಜನಿಗೆ ಚೆನ್ನಾಗಿ ಕುಡಿಸಿ, ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರ ಬಾಯಲ್ಲಿರುವ ಅರ್ಥವಾಗದ ಮಾತು ಕನ್ನಡವೆಂದು 1904ರಲ್ಲಿ ಹುಲ್ಚ್ ಎಂಬ ಜರ್ಮನ್ ವಿದ್ವಾಂಸ ಹೇಳಿದ. ನಮ್ಮ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಅಲ್ಲವೇ ಅಲ್ಲ ಎಂದವರೂ ಇದ್ದಾರೆ. ಮಾತು ಯಾವುದೆಂದು ನೂರು ವರ್ಷ ಜಗಳವಾಡಿದ ಪಂಡಿತರಲ್ಲಿ ಒಬ್ಬರೂ, ಆ ಗ್ರೀಕರ ಹಡಗು ಅಷ್ಟು ದೂರ ಏಕೆ ಬಂತೆಂದು ವಿಚಾರಿಸಲಿಲ್ಲ. ನಾವಿಕ ದಾರಿ ಕೇಳಿರಲಿಲ್ಲ, ಇನ್ನೇನು.

ಇನ್ನು ಪ್ರಕೃತ ವಿಷಯ. ಈ ದ್ವೀಪಗಳಲ್ಲಿ ಜೋಡಿಯಾಗಿ ಹೊರಟ ಮೊದಮೊದಲ ಪ್ರವಾಸಿಗರು ಥೀಸಿಯಸ್ ಮತ್ತು ಅರಿಯಾಡ್ನೆ. ಕ್ರೀಟ್ ದ್ವೀಪದ ಮಿನೋಸ್ ರಾಜನ ಚಕ್ರವ್ಯೂಹದೊಳಗೆ ಗೂಳಿತಲೆಯ ಮಿನೊಟಾರ್ ಇತ್ತು. ಅದನ್ನು ಕೊಲ್ಲಲು ಅಥೆನ್ಸಿನಿಂದ ಬಂದ ರಾಜಕುಮಾರ ಥೀಸಿಯಸ್ ಒಳಹೋಗುವ ಉತ್ಸಾಹದಲ್ಲಿದ್ದನೇ ಹೊರತು ಹೊರಬರುವ ಯೋಚನೆ ಮಾಡಿರಲಿಲ್ಲ. ನಮ್ಮ ಅಭಿಮನ್ಯುವಿನ ಸಮಸ್ಯೆಯೂ ಇದೇ. ವ್ಯತ್ಯಾಸವೇನೆಂದರೆ, ಇಲ್ಲಿ ಮಿನೋಸನ ಮಗಳು ಅರಿಯಾಡ್ನೆ ನೆಟ್ಟಗೆ ಹೋಗಿ ಆ ವ್ಯೂಹ ಕಟ್ಟಿದ ಡೆಡಾಲಸನನ್ನೇ ಕೇಳಿದಳು. ಅವನು ಹೇಳಿಕೊಟ್ಟ ಉಪಾಯದಂತೆ ನೂಲಿನ ಉಂಡೆಯೊಂದನ್ನು ಹುಡುಗನ ಕೈಗಿತ್ತಳು. ಕತೆ ಹೇಳುವವರೆಲ್ಲ ನೂಲನ್ನು ಹೊಗಳುತ್ತಾರೆ. ಅದಕ್ಕೂ ಮುಂಚೆ ಅವಳು ಬಾಯಿಬಿಟ್ಟು ಕೇಳಿದಳು ಎಂಬುದನ್ನು ಗಮನಿಸಿದವರಿಲ್ಲ. ಈ ಸಂಶೋಧನೆ ನನ್ನದು. (ನನ್ನದು, ಎಂದು ಹೆಂಡತಿ ಹಸ್ತಪ್ರತಿಯ ಅಂಚಿನಲ್ಲಿ ಬರೆದಿದ್ದಾಳೆ.)

ಪ್ರಾಣ ಉಳಿಸಿದವಳನ್ನು ಕರೆದುಕೊಂಡು ಹೊರಟ ಥೀಸಿಯಸ್ ನಾಕ್ಸೋಸ್ ದ್ವೀಪದಲ್ಲಿ ಇಳಿದ. ಅವಳು ನಿದ್ದೆ ಹೋದಳು. ಅವನು ಹಡಗು ಹತ್ತಿ ಹೊರಟೇಬಿಟ್ಟ. ಸುಭದ್ರೆ ತೂಕಡಿಸಿದ್ದಕ್ಕೆ ಅಭಿಮನ್ಯು ಹೋದ, ಅರಿಯಾಡ್ನೆ ತೂಕಡಿಸಿದ್ದಕ್ಕೆ ಗಂಡ ಹೋದ. ಹೆಂಗಸರು ಕಣ್ಣುಮುಚ್ಚಿದಾಗ ಅನಾಹುತವಾಗುವುದು ಎರಡೂ ಸಂಸ್ಕೃತಿಗಳಿಗೆ ಸಮಾನವಾದ ಲಕ್ಷಣ. ಆಮೇಲೆ ದ್ರಾಕ್ಷಾರಸದ ದೇವರು ಡಯೊನೈಸಸ್ ಬಂದು ಅರಿಯಾಡ್ನೆಯನ್ನು ಮದುವೆಯಾದ. ‘ಅವಳಿಗೆ ಒಳ್ಳೇದೇ ಆಯ್ತು ಬಿಡಿ’ ಎಂಬುದು ನಾಕ್ಸೋಸ್ ಬಂದರಿನಲ್ಲಿ ನಿಂತು ನನ್ನ ಸಹಸಂಶೋಧಕಿ ಮಂಡಿಸಿದ ಮತ.

ಥೀಸಿಯಸನ ಮರೆವು ಅಲ್ಲಿಗೆ ನಿಲ್ಲಲಿಲ್ಲ. ಬದುಕಿ ಬಂದರೆ ಕರಿ ಹಾಯಿ ಇಳಿಸಿ ಬಿಳಿ ಹಾಯಿ ಏರಿಸುತ್ತೇನೆ ಎಂದು ತಂದೆಗೆ ಮಾತು ಕೊಟ್ಟಿದ್ದ. ಏರಿಸಲಿಲ್ಲ. ಮಗ ಸತ್ತನೆಂದುಕೊಂಡು ಮುದುಕ ಏಜಿಯಸ್ ಸಮುದ್ರಕ್ಕೆ ಹಾರಿಕೊಂಡ. ಏಜಿಯನ್ ಎಂಬ ಹೆಸರು ಬಂದದ್ದು ಹಾಗೆ ಎಂದು ಕತೆ. ‘ಹೊರಟಿದೀನಿ ಅಂತ ಒಂದು ಫೋನ್ ಮಾಡೋಕಾಗಲ್ವಾ ಅಂತ ನಾನು ಮದುವೆಯಾದಾಗಿಂದ ಹೇಳ್ತಿರೋದು ಇದನ್ನೇ ರೀ.’ ಶಾಸ್ತ್ರಗ್ರಂಥದಲ್ಲಿ ಇಂಥ ವೈಯಕ್ತಿಕ ಟೀಕೆಗೆ ಉತ್ತರ ಕೊಡುವ ಪದ್ಧತಿಯಿಲ್ಲ.

ಅದೇ ನಾಕ್ಸೋಸಿನಲ್ಲಿ ಪೋರ್ತಾರಾ ಇದೆ. ಸುಮಾರು ಆರು ಮೀಟರ್ ಎತ್ತರದ ಅಮೃತಶಿಲೆಯ ಬಾಗಿಲು. ಬಾಗಿಲಷ್ಟೇ. ಹಿಂದೆ ಗುಡಿಯಿಲ್ಲ, ಮುಂದೆ ಸಮುದ್ರ. ಕ್ರಿ.ಪೂ. 530ರ ಸುಮಾರಿಗೆ ಲಿಗ್ಡಮಿಸ್ ಎಂಬ ಆಳರಸ ಶುರುಮಾಡಿದ ದೇವಾಲಯ ಮುಗಿಯಲೇ ಇಲ್ಲ. ಬಾಗಿಲು ಇಡುವ ಶಾಸ್ತ್ರ ಜೋರಾಗಿ ಮಾಡಿ, ಎರಡೂವರೆ ಸಾವಿರ ವರ್ಷವಾದರೂ ಗೃಹಪ್ರವೇಶ ಆಗದ ಕಟ್ಟಡ ಜಗತ್ತಿನಲ್ಲಿ ಇದೊಂದೇ ಎಂದು ನಾನು ಬರೆದುಕೊಂಡೆ. ನಮ್ಮ ಮಹಡಿ ಮನೆಯ ಹೆಸರು ಬಂತು. ಮುಂದಿನ ದ್ವೀಪಕ್ಕೆ ಹೋಗೋಣ.

ಹೋಗುವುದೆಂದರೆ ಹಡಗು ಬರಬೇಕಲ್ಲ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಎದ್ದರೆ ಹಡಗುಗಳು ಬಂದರಿನಲ್ಲೇ ಕೂರುತ್ತವೆ. ಇದನ್ನು ದೂರುವವರು ಗ್ರೀಕ್ ತತ್ವಶಾಸ್ತ್ರಕ್ಕೆ ಅದರಿಂದಾದ ಉಪಕಾರವನ್ನು ಮರೆತವರು. ಪ್ರತಿವರ್ಷ ಅಥೆನ್ಸಿನಿಂದ ಡೀಲೋಸ್ ದ್ವೀಪಕ್ಕೆ ಪವಿತ್ರ ಹಡಗು ಹೋಗುತ್ತಿತ್ತು. ಥೀಸಿಯಸನ ಹಡಗೇ ಅದು ಎಂದು ಅವರ ನಂಬಿಕೆ. ಅದು ಮರಳುವ ತನಕ ಯಾರನ್ನೂ ಗಲ್ಲಿಗೇರಿಸುವಂತಿರಲಿಲ್ಲ, ವಿಷ ಕುಡಿಸುವಂತಿರಲಿಲ್ಲ. ಶಿಕ್ಷೆಯಾದ ಸಾಕ್ರೆಟಿಸ್ ಸುಮಾರು ಒಂದು ತಿಂಗಳು ಸೆರೆಮನೆಯಲ್ಲಿ ಕೂತು ಶಿಷ್ಯರೊಡನೆ ಮಾತಾಡಿದ್ದು ಹಡಗು ತಡವಾದ್ದರಿಂದ. ಇಷ್ಟನ್ನು ನಾನು ಬಂದರಿನಲ್ಲಿ ಹೆಂಡತಿಗೆ ವಿವರಿಸಿದೆ. ‘ಆ ತಿಂಗಳೆಲ್ಲ ಅವನ ಹೆಂಡತಿ ಮನೆ ಹೇಗೆ ನಡೆಸಿದ್ಲಂತೆ?’ ಎಂದಳು. ಪ್ಲೇಟೊ ಅದನ್ನು ಬರೆದಿಲ್ಲ.

ಡೀಲೋಸ್ ಅಪೊಲೊ ಹುಟ್ಟಿದ ಜಾಗ. ಅಪೊಲೊ ಹುಟ್ಟಿದ ಮೇಲೆ ಇನ್ಯಾರೂ ಹುಟ್ಟಬಾರದು, ಸಾಯಲೂಬಾರದು ಎಂದು ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ತೀರ್ಮಾನಿಸಿ, ಇದ್ದ ಸಮಾಧಿಗಳನ್ನೆಲ್ಲ ಅಗೆಸಿ ಪಕ್ಕದ ರಿನೇಯಾ ದ್ವೀಪಕ್ಕೆ ಸಾಗಿಸಿದರು. ಬಸುರಿಯರೂ ಕೊನೆಯುಸಿರಿನವರೂ ದೋಣಿ ಹತ್ತಿ ಅಲ್ಲಿಗೆ ಹೋಗಬೇಕಿತ್ತು. ಸೂತಕದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ನಮ್ಮ ಅಜ್ಜಿಗೂ ಇರಲಿಲ್ಲ. ಈಗಲೂ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಕಲ್ಲಿನ ಸಿಂಹಗಳ ಸಾಲು ದಾಟಿ, ನಕ್ಷೆ ಹಿಡಿದು ನಾನು ‘ಅಡ್ಡದಾರಿ’ಯಲ್ಲಿ ನಡೆಸಿದ್ದರಿಂದ ಮೂರು ಸಲ ಅದೇ ಮುರುಕು ಮನೆಯಂಗಳಕ್ಕೆ ಬಂದೆವು. ಕೊನೆಯ ದೋಣಿಗೆ ಇಪ್ಪತ್ತು ನಿಮಿಷ. ನಾನು ಏದುಸಿರು ಬಿಡುತ್ತಾ ಕುಳಿತೆ. ‘ಏಳಿ ರೀ, ಇಲ್ಲಿ ಸಾಯೋ ಹಾಗಿಲ್ಲ’ ಎಂದಳು.

ಸ್ಯಾಂಟೊರಿನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕ್ಯಾಲೆಂಡರುಗಳು ಹೇಳಿವೆ. ಓಯಾ ಊರಿನಲ್ಲಿ ಸಂಜೆ ಗೋಡೆಗೋಡೆಯ ಮೇಲೆ ಜನ ಕುಳಿತು, ಸೂರ್ಯ ಮುಳುಗಿದ ಕೂಡಲೇ ಚಪ್ಪಾಳೆ ತಟ್ಟಿದರು. ದಿನಾ ಮಾಡುವ ಕೆಲಸಕ್ಕೆ ಚಪ್ಪಾಳೆ ಬಿದ್ದದ್ದನ್ನು ನಾನು ನನ್ನ ಬೀಳ್ಕೊಡುಗೆಯ ದಿನ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಊಟಕ್ಕೆ ‘ಫಾವಾ’ ಕೊಟ್ಟರು. ಹಳದಿ ಬೇಳೆ ಬೇಯಿಸಿ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ಹೆಂಡತಿ ಒಂದು ಚಮಚ ಬಾಯಿಗಿಟ್ಟು, ‘ತೊವ್ವೆ. ಒಗ್ಗರಣೆ ಮರೆತಿದಾರೆ’ ಎಂದು ತೀರ್ಪಿತ್ತಳು.

ಆದರೆ ಅದೇ ದ್ವೀಪದ ಅಕ್ರೋತಿರಿ ನನ್ನ ಸಿದ್ಧಾಂತಕ್ಕೆ ಮುಖ್ಯ ಪ್ರಮಾಣ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು; 1967ರಿಂದ ಸ್ಪಿರಿಡಾನ್ ಮರಿನಾಟೊಸ್ ಅಗೆಸತೊಡಗಿದ. ಎರಡು ಮೂರು ಅಂತಸ್ತಿನ ಮನೆಗಳು, ಚಿತ್ರ ಬರೆದ ಗೋಡೆಗಳು, ದೊಡ್ಡ ದೊಡ್ಡ ವಾಡೆಗಳು, ಎಲ್ಲ ಇವೆ. ಪಾಂಪೆಯಲ್ಲಿದ್ದಂತೆ ಸತ್ತವರ ದೇಹಗಳು ಸಿಗಲಿಲ್ಲ. ಒಡವೆಗಳೂ ಹೆಚ್ಚೇನೂ ಸಿಗಲಿಲ್ಲ. ಭೂಮಿ ನಡುಗಿದಾಗಲೇ ಜನ ಊರು ಬಿಟ್ಟಿದ್ದರೆಂದು ಪುರಾತತ್ವಜ್ಞರ ತರ್ಕ. ನನ್ನ ತರ್ಕ ಇನ್ನೊಂದು ಹೆಜ್ಜೆ ಮುಂದೆ: ಒಡವೆ ಗಂಟು ಕಟ್ಟಿಕೊಂಡು, ಹೊತ್ತಿಗೆ ಸರಿಯಾಗಿ ಹೊರಟ ಊರೆಂದರೆ ಅದು ಹೆಂಡತಿಯ ಮಾತು ಕೇಳಿದ ಊರು.

ಪ್ರತಿವಾದಿ ಕೇಳಬಹುದು: ಗಂಡ ಒಮ್ಮೆಯಾದರೂ ದಾರಿ ಕೇಳಿದ ಉದಾಹರಣೆಯಿಲ್ಲವೆ? ಇದೆ. ರೋಡ್ಸ್ ಹಳೇಪಟ್ಟಣದಲ್ಲಿ. ಇದು 1309ರಿಂದ 1522ರವರೆಗೆ ಶಿಲುಬೆಯೋಧರು ಆಳಿದ ಕೋಟೆಯೂರು. ಆಮೇಲೆ ಸುಲೇಮಾನನ ತುರ್ಕರು ಬಂದರು. ಇಬ್ಬರೂ ಸೇರಿ ಗಲ್ಲಿಗಳನ್ನು ಹೆಣೆದ ರೀತಿ ನೋಡಿದರೆ ಮಿನೋಸನಿಗೂ ಸಂಕೋಚವಾಗಬೇಕು. ಹಿಪ್ಪೊಕ್ರಾಟಿಸ್ ಚೌಕದ ಕಾರಂಜಿ ನಾಲ್ಕನೆಯ ಸಲ ಎದುರಾದಾಗ ನಾನು ಶಾಸ್ತ್ರವನ್ನು ಬದಿಗಿಟ್ಟು, ಹೊಸಿಲ ಮೇಲೆ ಕುಳಿತ ಒಬ್ಬ ಮುದುಕಿಗೆ ಎದುರಿನ ಗಲ್ಲಿ ತೋರಿಸಿ, ‘ಬಂದರು? ಪೋರ್ಟ್?’ ಎಂದೆ. ಅವಳು ‘ನೆ’ ಎಂದಳು. ನೆ ಎಂದರೆ ಅಲ್ಲ ಎಂದು ತಿಳಿದು, ಧನ್ಯವಾದ ಹೇಳಿ, ವಿರುದ್ಧ ದಿಕ್ಕಿನ ಗಲ್ಲಿ ಹಿಡಿದೆ. ಗ್ರೀಕಿನಲ್ಲಿ ‘ನೆ’ ಎಂದರೆ ಹೌದು. ಅಲ್ಲ ಎನ್ನಲು ‘ಓಹಿ’ ಎನ್ನುತ್ತಾರೆ, ಇಲ್ಲವೇ ತಲೆಯನ್ನು ಹಿಂದಕ್ಕೆಸೆದು ಲೊಚಗುಟ್ಟುತ್ತಾರೆ. ಕೇಳುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಐದನೆಯ ಸಲ ಕಾರಂಜಿ ಬಂದಾಗ ಹೆಂಡತಿ ಮುದುಕಿಯ ಪಕ್ಕ ಹೋಗಿ ಕುಳಿತಳು. ಇಬ್ಬರಿಗೂ ಒಂದು ಮಾತೂ ಸಾಮಾನ್ಯವಿಲ್ಲ. ಮಂಡಿ ಮುಟ್ಟಿ ತೋರಿಸಿಕೊಂಡರು, ನನ್ನ ಕಡೆ ಕೈತೋರಿಸಿ ನಕ್ಕರು. ಮುದುಕಿ ಒಳಗಿನಿಂದ ಎರಡು ಅಂಜೂರ ತಂದುಕೊಟ್ಟು, ಹೆಂಡತಿಯ ಕೈಹಿಡಿದು ಗಲ್ಲಿಯ ತಿರುವಿನವರೆಗೆ ಬಂದಳು. ಅಲ್ಲಿಂದ ಸಮುದ್ರ ಕಾಣುತ್ತಿತ್ತು.

ಕೊನೆಯದಾಗಿ ಆಕರಗಳ ವಿಚಾರ. ಮಿನೋಸನದೆಂದು ಹೇಳುವ, ಕ್ರೀಟಿನ ಕ್ನೋಸೋಸಿನ ಅರಮನೆಯನ್ನು 1900ರಲ್ಲಿ ಅಗೆಯಲಾರಂಭಿಸಿದ ಆರ್ಥರ್ ಇವಾನ್ಸ್, ಬಿದ್ದುದನ್ನು ಕಾಂಕ್ರೀಟು ಸುರಿದು ತನ್ನ ಊಹೆಯಂತೆ ಎಬ್ಬಿಸಿದ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ‘ಲೀನಿಯರ್ ಬಿ’ ಲಿಪಿಯನ್ನು ಮಾತ್ರ ಓದಲಾಗಲಿಲ್ಲ. ನ್ಯೂಯಾರ್ಕಿನ ಆಲಿಸ್ ಕೋಬರ್ ಒಂದು ಲಕ್ಷ ಎಂಬತ್ತು ಸಾವಿರದಷ್ಟು ಚೀಟಿ ಬರೆದು, ಸಿಗರೇಟಿನ ಡಬ್ಬಿಗಳಲ್ಲಿ ಜೋಡಿಸಿ, ದಾರಿ ತೋರಿಸಿ 1950ರಲ್ಲಿ ತೀರಿಕೊಂಡಳು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಅದನ್ನು ಓದಿದ. ಹೆಸರು ಅವನಿಗೆ ಬಂತು. (ಅಂಚಿನಲ್ಲಿ: ‘ನೋಡಿ.’) ಓದಿದರೆ ಏನಿತ್ತು? ಕಾವ್ಯವಿಲ್ಲ, ತತ್ವವಿಲ್ಲ. ಕುರಿ ಇಷ್ಟು, ಉಣ್ಣೆ ಇಷ್ಟು, ಎಣ್ಣೆ ಇಷ್ಟು. ಅರಮನೆಗೆ ಬೆಂಕಿ ಬಿದ್ದಾಗ ಹಸಿ ಮಣ್ಣು ಸುಟ್ಟು ಗಟ್ಟಿಯಾದ್ದರಿಂದ ಲೆಕ್ಕ ಉಳಿಯಿತು.

ಈ ಪ್ರಬಂಧ ಉಳಿಯದಿದ್ದರೂ ಉಳಿಯಬಹುದಾದ ಆಕರವೊಂದು ನಮ್ಮ ಮನೆಯಲ್ಲಿದೆ. ಸಹಸಂಶೋಧಕಿಯ ಖರ್ಚಿನ ಪುಸ್ತಕ, ಪುಟ 14, ಯಥಾಪ್ರತಿ:

‘ರೋಡ್ಸ್. ನೀರು 4. ಐಸ್‌ಕ್ರೀಮ್ 2. ಇವರ ಟೋಪಿ 1 (ಮೂರನೇದು). ನಕ್ಷೆ 1, ಬೇಡ ಅಂದರೂ. ಅಂಜೂರ 2, ಬಿಟ್ಟಿ. ದಾರಿ ಕೇಳಿದ್ದು, ಬಿಟ್ಟಿ.’