ಬಟಾಣಿಯಷ್ಟು ಪೇಸ್ಟು, ಬೆಟ್ಟದಷ್ಟು ಭಾಷಣ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತು ಬರುವುದು ಕಂಪ್ಯೂಟರ್ ಕೈಕೊಟ್ಟಾಗ ಮಾತ್ರ. ಹಾಗಾಗಿ ಮಗ ಹೊಸ ಪ್ರೊಸೆಸರ್ ಬೇಕು ಅಂದಿದ್ದೇ ತಡ, ಬೆಂಗಳೂರಿನ ಎಸ್.ಪಿ. ರೋಡಿಗೆ ಓಡಿದೆ. ಪ್ರೊಸೆಸರ್ ಜತೆಗೆ ಥರ್ಮಲ್ ಪೇಸ್ಟಿನ ಒಂದು ಪುಟ್ಟ ಸಿರಿಂಜನ್ನೂ ತಂದೆ.

“ಯಾರಿಗೋ ಇಂಜೆಕ್ಷನ್ನು?” ಅಮ್ಮನಿಗೆ ಗಾಬರಿ.

“ಕಂಪ್ಯೂಟರಿಗಮ್ಮ. ಜ್ವರ ಏರದ ಹಾಗೆ.”

ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಕೇಳುಗರು ತಾವಾಗಿ ಸೇರಿದ್ದಾರೆ, ಬಿಡುವುದುಂಟೇ? ಪ್ರೊಸೆಸರಿನ ಲೋಹದ ಮುಚ್ಚಳ, ಅದರ ಮೇಲೆ ಕೂರುವ ಹೀಟ್‌ಸಿಂಕ್, ಎರಡೂ ಕಣ್ಣಿಗೆ ನುಣುಪು. ಸೂಕ್ಷ್ಮವಾಗಿ ನೋಡಿದರೆ ಬರೀ ಏರುತಗ್ಗು. ಆ ಸಂದಿಯಲ್ಲಿ ಗಾಳಿ ಕೂತರೆ ಶಾಖ ಸರಾಗವಾಗಿ ಮೇಲೆ ದಾಟುವುದಿಲ್ಲ. ಗಾಳಿಯನ್ನು ಹೊರಗೆ ಹಾಕಿ ಆ ಜಾಗ ತುಂಬುವುದಷ್ಟೇ ಪೇಸ್ಟಿನ ಕೆಲಸ.

“ಹಾಗಾದ್ರೆ ಧಾರಾಳವಾಗಿ ಹಚ್ರೀ, ಜಿಪುಣತನ ಯಾಕೆ?” ಅಂದಳು ಹೆಂಡತಿ.

“ಅಲ್ಲೇ ಇರೋದು ಮಜಾ! ಶಾಖ ದಾಟಿಸೋದ್ರಲ್ಲಿ ತಾಮ್ರಕ್ಕೆ 400 ಅಂಕ ಅಂತಿಟ್ಕೊ. ಒಳ್ಳೇ ಪೇಸ್ಟಿಗೂ 10ರ ಆಸುಪಾಸು. ಗಾಳಿಗೆ 0.03 ಕೂಡ ಇಲ್ಲ. ಗಾಳಿಗಿಂತ ಮೇಲು, ತಾಮ್ರಕ್ಕಿಂತ ಕೀಳು. ದಪ್ಪಗೆ ಮೆತ್ತಿದರೆ ಇದೇ ಅಡ್ಡಗಾಲು.”

“ಓ, ನಿಮ್ಮ ಥರ. ಒಂಚೂರು ಇದ್ರೆ ಉಪಕಾರ, ಜಾಸ್ತಿ ಆದ್ರೆ ಅಡ್ಡಗಾಲು.”

ಕೇಳಿಸದವನಂತೆ ಅಳತೆ ಹೇಳಿದೆ: ನಡುಮಧ್ಯೆ ಬಟಾಣಿಯಷ್ಟು ಸಾಕು, ಹೀಟ್‌ಸಿಂಕಿನ ಒತ್ತಡಕ್ಕೆ ತಾನೇ ಹರಡುತ್ತದೆ.

“ಹಸಿ ಬಟಾಣಿಯೋ, ಒಣಗಿದ್ದೋ? ನೆನೆಸಿದ್ರೆ ಎರಡರಷ್ಟಾಗುತ್ತೆ ನೋಡು,” ಅಂದ ಅಮ್ಮ ಡಬ್ಬಿಯಿಂದ ಒಂದು ಒಣ ಬಟಾಣಿ ತಂದು ಮದರ್‌ಬೋರ್ಡಿನ ಪಕ್ಕ ಇಟ್ಟಳು. ಜಗತ್ತಿನ ತಜ್ಞರೆಲ್ಲ ಪೇಸ್ಟಿನ ಆಕಾರ ಬಿಂದುವೋ, ಗೆರೆಯೋ, ಗುಣಾಕಾರದ ಚಿಹ್ನೆಯೋ ಎಂದು ಜಗಳವಾಡುತ್ತಾರೆಯೇ ಹೊರತು ಈ ಪ್ರಶ್ನೆಯನ್ನು ಯಾರೂ ಎತ್ತಿದ್ದನ್ನು ನಾನಂತೂ ಕಂಡಿಲ್ಲ.

ನಾನು ಹಳೆಯ ಹೀಟ್‌ಸಿಂಕಿಗೆ ಕೈ ಹಾಕಿದೆ. “ಅಪ್ಪಾ, ಹಾಗೇ ಎಳೀಬೇಡಿ!” ಮಗ ಕೂಗಿದ. ಪ್ರೊಸೆಸರ್ ಕೂರುವ ಗೂಡು ನಮ್ಮದರಂತೆ ಎಎಂ4 ಸಾಕೆಟ್ಟಾಗಿದ್ದು, ಪೇಸ್ಟ್ ಒಣಗಿ ಕಚ್ಚಿಕೊಂಡಿದ್ದರೆ ಪ್ರೊಸೆಸರೂ ಹೀಟ್‌ಸಿಂಕಿನ ಜತೆಗೇ ಕಿತ್ತು ಬರಬಹುದು, ಅದರ ಪಿನ್ನುಗಳು ಬಾಗಬಹುದು. ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಆಮೇಲೆ ಮೆಲ್ಲಗೆ ತಿರುಚಿ ಬಿಡಿಸಬೇಕು. ಅವನೇ ಬಿಡಿಸಿದ. ಹೊಸ ಪ್ರೊಸೆಸರನ್ನು ಕೂರಿಸಿದವನೂ ಅವನೇ. ನಾನು ಟಾರ್ಚ್ ಹಿಡಿದಿದ್ದೆ.

ಕೊನೆಗೆ ನನ್ನ ಸರದಿ. ಸಿರಿಂಜಿನ ಮುಚ್ಚಳ ತೆಗೆದು ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಮಗ ಪ್ರೊಸೆಸರಿನ ಡಬ್ಬದಲ್ಲೇ ಬಂದಿದ್ದ ಹೊಸ ಹೀಟ್‌ಸಿಂಕನ್ನು ಮಗುಚಿ ತೋರಿಸಿದ. ತಳದಲ್ಲಿ ಬೂದು ಬಣ್ಣದ ಪೇಸ್ಟು, ಅಚ್ಚುಕಟ್ಟಾದ ಚೌಕ. ಕಂಪನಿಯವರೇ ಹಚ್ಚಿ ಕಳಿಸಿದ್ದರು. ಅದರ ಮೇಲೆ ಇನ್ನೊಂದು ಪದರ ಬಳಿಯುವಂತಿಲ್ಲ.

ಅಮ್ಮ ಬಟಾಣಿಯನ್ನು ವಾಪಸು ಡಬ್ಬಿಗೆ ಹಾಕಿದಳು. ಕಂಪ್ಯೂಟರ್ ತಣ್ಣಗೆ ಓಡುತ್ತಿದೆ. ಸಿರಿಂಜು ತುಂಬಿದ್ದು ತುಂಬಿದ ಹಾಗೇ ಇದೆ; ಹೀಟ್‌ಸಿಂಕ್ ಬದಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ಪೇಸ್ಟು ಪುಕ್ಕಟೆ. ಭಾಷಣ ಮಾತ್ರ ಪೂರ್ತಿ ಕೇಳಬೇಕು.